ಕೆಪಾಸಿಟರ್ ಮೈಮೇಲಿನ ಬರಹ ಓದುವುದು ಹೇಗೆ?

ಫ್ಯಾನು ನಿಧಾನವಾಗಿ ತಿರುಗಲು ಶುರುಮಾಡಿದರೆ ಮನೆಯಲ್ಲಿ ದೊಡ್ಡವರು ಹೇಳುವುದು ಒಂದೇ ಮಾತು: "ಕಂಡೆನ್ಸರ್ ಹೋಗಿರಬೇಕು, ಒಂದು ತಗೊಂಡು ಬಾ." ತರಲು ಹೋದವರನ್ನು ಅಂಗಡಿಯವರು "ಎಷ್ಟರದ್ದು?" ಅಂತ ಕೇಳ್ತಾರೆ. ಅಲ್ಲಿಗೆ ನಮ್ಮ ಬಾಯಿ ಕಟ್ಟಿಹೋಗ್ತದೆ. ಆ ಪ್ರಶ್ನೆಗೆ ಉತ್ತರ ಹಳೆಯ ಕಂಡೆನ್ಸರಿನ ಮೈಮೇಲೇ ಬರೆದಿರುತ್ತದೆ, ಓದಲು ಬರಬೇಕು ಅಷ್ಟೆ. ಅಂತರಸಂತೆಯಿಂದ ಕೋಟೆಗೋ ಹ್ಯಾಂಡ್‌ಪೋಸ್ಟಿಗೋ ಬಸ್ಸು ಹತ್ತಿ ಹೋಗಿ ತಪ್ಪಾದದ್ದನ್ನು ತಂದರೆ ಬಸ್ ಚಾರ್ಜು ದಂಡ. ತಂದದ್ದನ್ನು ಹಾಗೇ ಹಾಕಿಬಿಟ್ಟರೆ ಮೋಟಾರೇ ದಂಡ.

ಕಂಡೆನ್ಸರ್, ಕೆಪಾಸಿಟರ್ ಎರಡೂ ಒಂದೇ. ಪಠ್ಯಪುಸ್ತಕದಲ್ಲಿ ಧಾರಕ ಎಂದಿರುತ್ತದೆ. 1782ರಲ್ಲಿ ಇಟಲಿಯ ವೋಲ್ಟಾ ಕೊಟ್ಟ ಹೆಸರು ಕಂಡೆನ್ಸರ್. ಪುಸ್ತಕದವರು ಅದನ್ನು ಬಿಟ್ಟು ಬಹಳ ಕಾಲವಾಯಿತು, ನಮ್ಮ ಮೋಟಾರ್ ಮೆಕ್ಯಾನಿಕ್ಕುಗಳು ಮಾತ್ರ ಇನ್ನೂ ಬಿಟ್ಟಿಲ್ಲ. ಎರಡು ಲೋಹದ ಹಾಳೆಗಳ ನಡುವೆ ವಿದ್ಯುತ್ ಹರಿಯಬಿಡದ ಒಂದು ಪದರ ಇಟ್ಟರೆ ಅದೇ ಕೆಪಾಸಿಟರ್. ಅದು ವಿದ್ಯುದಂಶವನ್ನು ತುಂಬಿಕೊಂಡು ಬೇಕಾದಾಗ ಬಿಟ್ಟುಕೊಡುತ್ತದೆ.

ಈ ಲೇಖನದ ಕೆಳಗಡೆ ಸೆಲ್ಲೋಟೇಪಿನಿಂದ ಆರು ಹಳೆಯ ಕೆಪಾಸಿಟರುಗಳನ್ನು ಅಂಟಿಸಿ ನಂಬರ್ ಹಾಕಿದ್ದೇವೆ. ಕೆಟ್ಟ ಸಿ.ಎಫ್.ಎಲ್. ಬಲ್ಬು, ಹಳೇ ರೇಡಿಯೋ, ಒಂದು ಅಡಾಪ್ಟರ್ ಮತ್ತು ಒಂದು ಫ್ಯಾನಿನಿಂದ ಬಿಚ್ಚಿದವು. ಎಲ್ಲವನ್ನೂ ಖಾಲಿಮಾಡಿ ಎರಡು ವೈರುಗಳನ್ನು ಹೆಣೆದು ಅಂಟಿಸಿದೆ, ಆದ್ದರಿಂದ ಮುಟ್ಟಿ ನೋಡಬಹುದು. ದಯವಿಟ್ಟು ಕೀಳಬೇಡಿ. ಮೇಲಿನ ಬರಹ ಇಂಗ್ಲಿಷ್ ಅಕ್ಷರದಲ್ಲಿದೆ, ಓದುವ ಅನುಕೂಲಕ್ಕೆ ನಾವಿಲ್ಲಿ ಕನ್ನಡದಲ್ಲಿ ಬರೆದಿದ್ದೇವೆ.

ಯಾವ ಕೆಪಾಸಿಟರ್ ಕೈಗೆ ಬಂದರೂ ಮೂರು ಪ್ರಶ್ನೆ ಕೇಳಬೇಕು. ಎಷ್ಟು ತುಂಬುತ್ತದೆ? ಎಷ್ಟು ವೋಲ್ಟ್ ತಡೆಯುತ್ತದೆ? ಯಾವ ಕಡೆ ಪ್ಲಸ್ಸು? ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡಿ ಅಂಗಡಿಗೆ ಓಡ್ತಾರೆ.

ಅಳತೆ

ಕೆಪಾಸಿಟರಿನ ಅಳತೆ ಫ್ಯಾರಡ್. ಮೈಕೆಲ್ ಫ್ಯಾರಡೆಯ ನೆನಪಿನ ಹೆಸರು ಅದು. ಒಂದು ಫ್ಯಾರಡ್ ಅಂದರೆ ತೀರಾ ದೊಡ್ಡದು, ಅದಕ್ಕೇ ದಿನಬಳಕೆಯಲ್ಲಿ ಮೈಕ್ರೋ, ನ್ಯಾನೋ, ಪೈಕೋ ಎಂಬ ಚಿಕ್ಕ ಅಳತೆಗಳು. ಟನ್ನು, ಕೆಜಿ, ಗ್ರಾಂ ನೆನಪಿಟ್ಟುಕೊಂಡರೆ ಸಾಕು. ಟನ್ನಿಗೆ ಸಾವಿರ ಕೆಜಿ, ಕೆಜಿಗೆ ಸಾವಿರ ಗ್ರಾಂ. ಹಾಗೆಯೇ 1 ಮೈಕ್ರೋಫ್ಯಾರಡ್‌ಗೆ 1000 ನ್ಯಾನೋ, 1 ನ್ಯಾನೋಗೆ 1000 ಪೈಕೋ. ಅಂದರೆ ಒಂದು ಮೈಕ್ರೋದಲ್ಲಿ ಹತ್ತು ಲಕ್ಷ ಪೈಕೋ.

ಹಳೆಯ ಸರಕಿನ ಮೇಲೂ ಮೋಟಾರ್ ಕೆಪಾಸಿಟರಿನ ಮೇಲೂ ಎಂ.ಎಫ್.ಡಿ. ಎಂದು ಬರೆದಿರುತ್ತದೆ. ಅಲ್ಲಿನ ಎಂ ಮೈಕ್ರೋ, ಮೆಗಾ ಅಲ್ಲ, ಮಿಲಿ ಅಲ್ಲ. ವಾಲ್ವ್ ರೇಡಿಯೋ ಕಾಲದ್ದರ ಮೇಲೆ ಎಂ.ಎಂ.ಎಫ್.ಡಿ. ಎಂದು ಎರಡು ಎಂ ಇದ್ದರೆ ಅದು ಪೈಕೋ.

ಮೂರಂಕಿ ಲೆಕ್ಕ

ನಂಬರ್ 1 ನೋಡಿ. ಹುಣಸೆ ಬೀಜದಷ್ಟು ದೊಡ್ಡ ಕಂದು ಬಿಲ್ಲೆ, ಮೇಲೆ 103 ಎಂದಿದೆ. ಇದು ನೂರಾ ಮೂರು ಅಲ್ಲ. ಮೊದಲೆರಡು ಅಂಕಿ ಹಾಗೇ ಬರೆದುಕೊಳ್ಳಬೇಕು, ಮೂರನೆಯ ಅಂಕಿ ಎಷ್ಟೋ ಅಷ್ಟು ಸೊನ್ನೆ ಹಾಕಬೇಕು. 10ರ ಮುಂದೆ ಮೂರು ಸೊನ್ನೆ, 10,000 ಪೈಕೋಫ್ಯಾರಡ್. ಅಂದರೆ 10 ನ್ಯಾನೋ, ಅಂದರೆ 0.01 ಮೈಕ್ರೋ. ಹೀಗೇ 104 ಆದರೆ 0.1 ಮೈಕ್ರೋ, 105 ಆದರೆ ಸರಿಯಾಗಿ ಒಂದು ಮೈಕ್ರೋ, 473 ಆದರೆ 47,000 ಪೈಕೋ.

ಇಲ್ಲೊಂದು ಮೋಸ ಇದೆ. ನಂಬರ್ 2ರ ಮೇಲೆ 100 ಎಂದಿದೆ. ನೂರು ಪೈಕೋ ಅಂತ ಎಲ್ಲರಿಗೂ ಅನ್ನಿಸ್ತದೆ. ಲೆಕ್ಕ ಹಾಕಿ ನೋಡಿ: 10ರ ಮುಂದೆ ಸೊನ್ನೆ ಸೊನ್ನೆ, ಅಂದರೆ ಒಂದೂ ಸೊನ್ನೆ ಇಲ್ಲ, ಬರೀ 10 ಪೈಕೋ. ನೂರು ಪೈಕೋ ಬೇಕಿದ್ದರೆ 101 ಎಂದಿರಬೇಕು. ಇನ್ನು ಕೊನೆಯ ಅಂಕಿ 9 ಇದ್ದರೆ ಒಂಬತ್ತು ಸೊನ್ನೆ ಹಾಕಬಾರದು, ಹತ್ತರಿಂದ ಭಾಗಿಸಬೇಕು. 479 ಅಂದರೆ 4.7 ಪೈಕೋ. 8 ಇದ್ದರೆ ನೂರರಿಂದ ಭಾಗಿಸಬೇಕು, ಆದರೆ ಅದು ಬಹಳ ಅಪರೂಪ. ಬರೀ ಎರಡೇ ಅಂಕಿ, ಉದಾಹರಣೆಗೆ 47 ಎಂದು ಬಿಲ್ಲೆಯ ಮೇಲಿದ್ದರೆ ಅಷ್ಟೇ ಪೈಕೋ.

ಕೆಲವರು ಚುಕ್ಕಿಯ ಜಾಗದಲ್ಲಿ ಅಕ್ಷರ ಇಡುತ್ತಾರೆ. 4ಎನ್7 ಅಂದರೆ 4.7 ನ್ಯಾನೋ, 6ಪಿ8 ಅಂದರೆ 6.8 ಪೈಕೋ. ಚುಕ್ಕಿ ಉಜ್ಜಿ ಅಳಿಸಿಹೋಗ್ತದೆ, ಅಕ್ಷರ ಅಷ್ಟು ಸುಲಭಕ್ಕೆ ಹೋಗೋದಿಲ್ಲ. ಒಳ್ಳೆಯ ಉಪಾಯ.

ಅಂಕಿಗಳ ಹಿಂದೆ ಬರುವ ಒಂಟಿ ಅಕ್ಷರ ಸಡಿಲಿಕೆಯದ್ದು, ಅಂದರೆ ಬರೆದದ್ದಕ್ಕೂ ನಿಜಕ್ಕೂ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು. ಜೆ ಎಂದರೆ ಶೇಕಡ 5, ಕೆ ಎಂದರೆ ಶೇಕಡ 10, ಎಂ ಎಂದರೆ ಶೇಕಡ 20. ಝಡ್ ಎಂಬುದು ವಿಚಿತ್ರ, ಶೇಕಡ 80ರಷ್ಟು ಹೆಚ್ಚಿರಬಹುದು ಅಥವಾ 20ರಷ್ಟು ಕಡಿಮೆ ಇರಬಹುದು. ಅಷ್ಟು ಅಡ್ಡಾದಿಡ್ಡಿ ಇದ್ದರೂ ಕೆಲವು ಜಾಗದಲ್ಲಿ ನಡೆಯುತ್ತದೆ. 104ಕೆ ನೋಡಿ ನೂರಾ ನಾಲ್ಕು ಕಿಲೋ ಅಂದ್ಕೋಬಾರದು, ಕೆಪಾಸಿಟರಿನಲ್ಲಿ ಕೆ ಅಂದರೆ ಕಿಲೋ ಅಲ್ಲ.

ನಂಬರ್ 3 ಸಿ.ಎಫ್.ಎಲ್. ಬಲ್ಬಿನ ಹೊಟ್ಟೆಯಿಂದ ಬಂದದ್ದು, ಹಸಿರು ಬಣ್ಣದ ಪಾಲಿಯೆಸ್ಟರ್. ಮೇಲೆ 2ಎ473ಜೆ ಎಂದಿದೆ. 473ಜೆ ಈಗ ನಿಮಗೇ ಓದಲು ಬರುತ್ತದೆ. ಮುಂದಿನ 2ಎ ಏನು? ಅದು ವೋಲ್ಟೇಜಿನ ಗುಟ್ಟು. ಎ ಅಂದರೆ 1, ಸಿ ಅಂದರೆ 1.6, ಇ ಅಂದರೆ 2.5, ಜಿ ಅಂದರೆ 4, ಎಚ್ ಅಂದರೆ 5, ಜೆ ಅಂದರೆ 6.3. ಅಕ್ಷರದ ಮುಂದೆ 1 ಇದ್ದರೆ ಹತ್ತರಿಂದ ಗುಣಿಸಿ, 2 ಇದ್ದರೆ ನೂರರಿಂದ. ಹಾಗಾಗಿ 2ಎ ಅಂದರೆ 100 ವೋಲ್ಟ್, 1ಎಚ್ ಅಂದರೆ 50, 2ಜಿ ಅಂದರೆ 400, 2ಜೆ ಅಂದರೆ 630. ಗಮನಿಸಿ, ಒಂದೇ ಜೆ ಅಕ್ಷರ ಮುಂದೆ ಬಂದರೆ ವೋಲ್ಟು, ಹಿಂದೆ ಬಂದರೆ ಸಡಿಲಿಕೆ.

ಬಣ್ಣದ ಪಟ್ಟಿ

ನಂಬರ್ 4 ಎಲ್ಲಕ್ಕಿಂತ ಚೆನ್ನಾಗಿದೆ. ಪಟ್ಟೆ ಪಟ್ಟೆಯಾಗಿ ಹೊಳೆಯುತ್ತದೆ. 1960–70ರ ದಶಕದಲ್ಲಿ ಫಿಲಿಪ್ಸ್ ಬಳಗದ ಮಲ್ಲಾರ್ಡ್ ಕಂಪನಿಯ ಇಂಥ ಕೆಪಾಸಿಟರುಗಳಿಗೆ ರೇಡಿಯೋ ಮಾಡುವವರು ಬಣ್ಣದ ಮೀನು ಎಂದೇ ಅಡ್ಡಹೆಸರು ಇಟ್ಟಿದ್ದರು. ಅದರ ಮೇಲೆ ಒಂದು ಅಂಕಿಯೂ ಇಲ್ಲ, ಬಣ್ಣವೇ ಅಂಕಿ. ಬಣ್ಣದ ಪಟ್ಟಿ ಅಂಕಿಯಂತೆ ಬೇಗ ಅಳಿಸುವುದಿಲ್ಲ, ಯಾವ ಕಡೆಯಿಂದ ನೋಡಿದರೂ ಕಾಣುತ್ತದೆ. ಹೊಸ ಕೆಪಾಸಿಟರುಗಳಲ್ಲಿ ಈ ಪದ್ಧತಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಕಲಿಯಬೇಕು, ಏಕೆಂದರೆ ಇದೇ ಬಣ್ಣಗಳು ರೆಸಿಸ್ಟರಿನಲ್ಲಿ ಈಗಲೂ ಇವೆ. ಒಂದು ಸಲ ಕಲಿತರೆ ಎರಡು ಕಡೆ ಲಾಭ.

ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9.

ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ನೆನಪಿಡಲು ಏನೇನೋ ವಾಕ್ಯ ಕೊಟ್ಟಿರುತ್ತಾರೆ. ಅವರ ಕಷ್ಟ ಏನೆಂದರೆ ಕಪ್ಪು, ಕಂದು, ನೀಲಿ ಮೂರಕ್ಕೂ ಅವರಲ್ಲಿ ಬಿ ಅಕ್ಷರವೇ ಮೊದಲು, ಬೂದು ಮತ್ತು ಹಸಿರು ಎರಡಕ್ಕೂ ಜಿ. ನಮ್ಮ ಕನ್ನಡದಲ್ಲಿ ನೋಡಿ! ಮೊದಲ ನಾಲ್ಕಕ್ಕೂ ಕ: ಕ, ಕಂ, ಕೆ, ಕಿ. ಆಮೇಲೆ ಎರಡು ಹ, ಎರಡು ನ, ಎರಡು ಬ. ನಾಲ್ಕು ಕ, ತಲಾ ಎರಡು ಹ-ನ-ಬ, ಒಟ್ಟು ಹತ್ತು. ಬಾಯಲ್ಲಿ ನಾಲ್ಕು ಸಲ ಹೇಳಿದರೆ ಕೂತುಬಿಡ್ತದೆ. ಜೋಡಿಯೊಳಗೆ ಯಾವುದು ಮೊದಲು ಎಂಬ ಅನುಮಾನ ಬಂದರೆ ಕಾಮನಬಿಲ್ಲು ನೆನಪಿಸಿಕೊಳ್ಳಿ. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ ಇಲ್ಲಿಯೂ ಅದೇ ಸಾಲಿನಲ್ಲಿವೆ. ಕತ್ತಲೆಯ ಬಣ್ಣಗಳು ಮೊದಲು, ಬೆಳಕಿನ ಬಿಳಿ ಕೊನೆಗೆ.

ಈಗ ನಂಬರ್ 4 ಓದೋಣ. ವೈರುಗಳು ಕೆಳಗೆ ಬರುವ ಹಾಗೆ ಹಿಡಿಯಿರಿ, ತಲೆಯಿಂದ ಕೆಳಕ್ಕೆ ಓದಿ: ಕಂದು, ಕಪ್ಪು, ಹಳದಿ, ಬಿಳಿ, ಕೆಂಪು. ಮೊದಲೆರಡು ಅಂಕಿ 1 ಮತ್ತು 0. ಮೂರನೆಯದು ಸೊನ್ನೆಗಳ ಲೆಕ್ಕ, ಹಳದಿ ಎಂದರೆ ನಾಲ್ಕು. 1,00,000 ಪೈಕೋ, ಅಂದರೆ 0.1 ಮೈಕ್ರೋ. ನಾವು ಆಗಲೇ ನೋಡಿದ 104 ಇದೇ ಅಲ್ಲವೇ? ಮೂರಂಕಿ ಲೆಕ್ಕಕ್ಕೆ ಬಣ್ಣ ಹಚ್ಚಿದ್ದಾರೆ ಅಷ್ಟೆ.

ನಾಲ್ಕನೆಯ ಪಟ್ಟಿಯಲ್ಲಿ ಬಿಳಿ ಅಂದರೆ 9 ಅಲ್ಲ. ಅದು ಸಡಿಲಿಕೆಯ ಜಾಗ. ಬಿಳಿ ಶೇಕಡ 10, ಕಪ್ಪು ಶೇಕಡ 20, ಹಸಿರು ಶೇಕಡ 5. ಐದನೆಯ ಪಟ್ಟಿ ವೋಲ್ಟಿನದು. ಕೆಂಪಿದ್ದರೆ 250, ಹಳದಿ ಇದ್ದರೆ 400.

ಈ ಮೀನಿನಲ್ಲಿ ತಪ್ಪುವುದು ಒಂದೇ ಕಡೆ. ಪಟ್ಟಿಗಳ ನಡುವೆ ಸಂದಿಯೇ ಇರುವುದಿಲ್ಲ. ಅಕ್ಕಪಕ್ಕ ಒಂದೇ ಬಣ್ಣ ಬಂದರೆ ಎರಡೂ ಸೇರಿ ಒಂದು ಅಗಲದ ಪಟ್ಟಿಯಂತೆ ಕಾಣುತ್ತದೆ. ತಲೆಯ ಮೇಲೆ ಅಗಲವಾದ ಕೆಂಪು, ಆಮೇಲೆ ಕಿತ್ತಳೆ, ಕಪ್ಪು, ಕೆಂಪು ಎಂದು ನಾಲ್ಕೇ ಕಂಡರೆ ಗಾಬರಿ ಬೇಡ. ಮೊದಲ ಕೆಂಪು ಎರಡು ಪಟ್ಟಿಯಷ್ಟು ಅಗಲ ಇದೆಯಾ ನೋಡಿ. ಇದ್ದರೆ ಅದು 22, ಮುಂದೆ ಮೂರು ಸೊನ್ನೆ, 0.022 ಮೈಕ್ರೋ.

ಬಣ್ಣವನ್ನು ಹಗಲಿನಲ್ಲೇ ಓದಬೇಕು. ಬಲ್ಬಿನ ಬೆಳಕಿನಲ್ಲಿ ಕಂದು ಕೆಂಪಾಗ್ತದೆ, ಕೆಂಪು ಕಿತ್ತಳೆಯಾಗ್ತದೆ. ಒಂದು ಬಣ್ಣ ತಪ್ಪಿದರೆ, ಅದೂ ಮೂರನೆಯ ಪಟ್ಟಿಯಲ್ಲಿ ತಪ್ಪಿದರೆ, ಲೆಕ್ಕ ಹತ್ತುಪಟ್ಟು ಆಚೀಚೆ. ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರು ಬೇರೆಬೇರೆ ಕಾಣುವುದಿಲ್ಲ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಪಕ್ಕದವರನ್ನು ಕೇಳಿದರಾಯಿತು.

ಅಂದಹಾಗೆ, ಇಂಥ ಚಿಕ್ಕ ಕೆಪಾಸಿಟರ್ ಇಲ್ಲದಿದ್ದರೆ ರೇಡಿಯೋನೇ ಇಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಪುಟ್ಟ ಯಂತ್ರದಿಂದ ಬಾನುಲಿ ಶುರುಮಾಡಿದ್ದನ್ನು, 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ಬಂದದ್ದನ್ನು ನಾವು ಕೇಳಿದ್ದೇವೆ. ಹಳೇ ರೇಡಿಯೋದಲ್ಲಿ ಕಿವಿ ತಿರುವಿ ಸ್ಟೇಷನ್ ಹುಡುಕುವಾಗ ಒಳಗೆ ತಿರುಗುವುದೂ ಒಂದು ಕೆಪಾಸಿಟರೇ, ಗ್ಯಾಂಗ್ ಕಂಡೆನ್ಸರ್. ಒಂದು ಸಾಲು ಅಲ್ಯೂಮಿನಿಯಂ ರೆಕ್ಕೆ ಇನ್ನೊಂದು ಸಾಲಿನೊಳಗೆ ಹೋಗಿಬರುತ್ತದೆ. ಕೆಪಾಸಿಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಕಣ್ಣಿಂದ ನೋಡಬೇಕಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಪ್ಲಸ್ ಮೈನಸ್ ಇರುವವು

ನಂಬರ್ 5 ಅಡಾಪ್ಟರಿನದು, ನೀಲಿ ಡಬ್ಬಿ. ಇದನ್ನು ಎಲೆಕ್ಟ್ರೋಲೈಟಿಕ್ ಅಂತಾರೆ. ಜಾಗ ಇರುವುದರಿಂದ ಲೆಕ್ಕವಿಲ್ಲದೆ ನೇರವಾಗಿ ಬರೆದಿದ್ದಾರೆ: 1000 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿ. ಪಕ್ಕದಲ್ಲಿ ಬಿಳಿ ಗೆರೆ, ಗೆರೆಯೊಳಗೆ ಮೈನಸ್ ಗುರುತು. ಆ ಕಡೆಯ ಕಾಲು ಮೈನಸ್. ಹೊಸದಾದರೆ ಉದ್ದ ಕಾಲು ಪ್ಲಸ್. ತಿರುಗಾಮುರುಗಾ ಹಾಕಿದರೆ ಬಿಸಿಯಾಗಿ, ಉಬ್ಬಿ, ಕೊನೆಗೆ ಪಟಾರ್ ಅಂತ ಒಡೆಯುತ್ತದೆ. ತಲೆಯ ಮೇಲೆ ಕೂಡು ಗುರುತಿನ ಗೀರು ಇರುವುದು ಅಂದಕ್ಕಲ್ಲ, ಒಳಗಿನ ಒತ್ತಡ ಅಲ್ಲಿಂದ ಹೊರಗೆ ಹೋಗಲಿ ಅಂತ. ಟ್ಯಾಂಟಲಂ ಎಂಬ ಇನ್ನೊಂದು ಜಾತಿ ಇದೆ, ಅದರಲ್ಲಿ ಗೆರೆ ಇರುವ ಕಡೆಯೇ ಪ್ಲಸ್. ಹೀಗೆ ಉಲ್ಟಾ ಯಾಕೆ ಇಟ್ಟರೋ, ಮಾಡಿದವರನ್ನೇ ಕೇಳಬೇಕು.

ವೋಲ್ಟು ಹೆಚ್ಚಿನದನ್ನು ಹಾಕಬಹುದು, ಕಡಿಮೆಯದನ್ನು ಹಾಕಬಾರದು. 25ರ ಜಾಗಕ್ಕೆ 35 ಸರಿ, 16 ಬೇಡ. ಡಿಗ್ರಿಯೂ ಹಾಗೆಯೇ. 105ರ ಜಾಗಕ್ಕೆ 85 ಹಾಕಿದರೆ ಬೇಗ ಒಣಗಿಹೋಗ್ತದೆ.

ಫ್ಯಾನು ಮತ್ತು ಮೋಟಾರು

ನಂಬರ್ 6 ಫ್ಯಾನಿನದು. ನಮ್ಮ ಊರಿನಲ್ಲಿ ಹೆಚ್ಚು ಕೈಗೆ ಬರುವುದು ಇದೇ, ಇದರ ಮೇಲೆ ಬರಹವೂ ಜಾಸ್ತಿ. 2.5 ಮೈಕ್ರೋಫ್ಯಾರಡ್, ಜೊತೆಗೆ ಶೇಕಡ 5. ಆಮೇಲೆ 440 ವೋಲ್ಟ್, ಪಕ್ಕದಲ್ಲಿ ಅಲೆಯಂಥ ಗುರುತು. ಆ ಅಲೆ ಇದ್ದರೆ ಎ.ಸಿ. ಕರೆಂಟಿಗೆ ಎಂದರ್ಥ. ಇದಕ್ಕೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ಸರಿ.

ಮನೆಯ ಕರೆಂಟು 230 ವೋಲ್ಟ್ ತಾನೆ, 440 ಯಾಕೆ ಬೇಕು? ಎರಡು ಕಾರಣ. 230 ಎಂಬುದು ಒಂದು ರೀತಿಯ ಸರಾಸರಿ, ಅಲೆಯ ತುದಿ ಅದರ 1.414 ಪಟ್ಟು, ಅಂದರೆ ಸುಮಾರು 325 ವೋಲ್ಟಿಗೆ ಏರುತ್ತದೆ. ಜೊತೆಗೆ ಕೆಪಾಸಿಟರೂ ಫ್ಯಾನಿನ ಸುರುಳಿಯೂ ಸರಣಿಯಲ್ಲಿರುವುದರಿಂದ ಕೆಪಾಸಿಟರಿನ ಮೇಲೆ ಮನೆಯ ವೋಲ್ಟೇಜಿಗಿಂತಲೂ ಹೆಚ್ಚು ಬೀಳುತ್ತದೆ. ಅದಕ್ಕೇ 400 ವೋಲ್ಟ್ ಡಿ.ಸಿ. ಎಂದು ಬರೆದ ಎಲೆಕ್ಟ್ರೋಲೈಟಿಕ್ ಅನ್ನು ಫ್ಯಾನಿಗೆ ಯಾವತ್ತೂ ಹಾಕಬಾರದು.

ಹಳತಾಗುತ್ತಾ 2.5 ಇದ್ದದ್ದು 2, 1.5 ಎಂದು ಇಳಿಯುತ್ತದೆ. ಫ್ಯಾನು ನಿಧಾನವಾಗಲು ಅದೇ ಕಾರಣ. ಹಾಗಾದರೆ 4 ಹಾಕಿದರೆ ಜೋರಾಗಿ ತಿರುಗುತ್ತದೆ ಅಲ್ವಾ ಅಂತ ಕೇಳಬಹುದು. ಸುರುಳಿಯಲ್ಲಿ ಹರಿಯಬಾರದಷ್ಟು ಕರೆಂಟು ಹರಿದು ಬಿಸಿಯಾಗ್ತದೆ, ಸ್ವಲ್ಪ ದಿನದಲ್ಲಿ ವೈಂಡಿಂಗ್ ಸುಡುತ್ತದೆ. ಕೆಪಾಸಿಟರಿಗಿಂತ ವೈಂಡಿಂಗಿನ ಖರ್ಚು ಎಷ್ಟೋ ಪಾಲು ಹೆಚ್ಚು. ಇದ್ದಷ್ಟೇ ಹಾಕಬೇಕು.

ಸಿಂಗಲ್ ಫೇಸ್ ಬೋರ್‌ವೆಲ್ ಮೋಟಾರಿನ ಪ್ಯಾನೆಲ್ ಪೆಟ್ಟಿಗೆಯಲ್ಲಿ ಎರಡು ಜಾತಿ ಇರುತ್ತವೆ. ಒಂದು ಸ್ಟಾರ್ಟಿಂಗ್ ಕೆಪಾಸಿಟರ್. ಅದರ ಮೇಲೆ 100-120 ಎಂ.ಎಫ್.ಡಿ. ಎಂಬಂತೆ ಎರಡು ಸಂಖ್ಯೆ ಇರುತ್ತದೆ, ಇವುಗಳ ನಡುವೆ ಎಲ್ಲೋ ಒಂದು ಕಡೆ ಎಂದರ್ಥ. ಇದು ಮೋಟಾರ್ ಎದ್ದೇಳುವ ಕೆಲವು ಸೆಕೆಂಡಿಗೆ ಮಾತ್ರ. ಇನ್ನೊಂದು ರನ್ನಿಂಗ್ ಕೆಪಾಸಿಟರ್. 36, 50 ಹೀಗೆ ಒಂದೇ ಸಂಖ್ಯೆ, 440 ವೋಲ್ಟ್, ಮೋಟಾರ್ ಓಡುವಷ್ಟು ಹೊತ್ತೂ ಲೈನಿನಲ್ಲಿರುತ್ತದೆ. ಸ್ಟಾರ್ಟಿಂಗನ್ನು ರನ್ನಿಂಗ್ ಜಾಗಕ್ಕೆ ಹಾಕಿದರೆ ಒಡೆಯುವುದು ಖಂಡಿತ.

ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿ, ಮೋಟಾರ್ ಕೆಪಾಸಿಟರಿಗೆ ಐ.ಎಸ್. 2993 ಎಂದಿರಬೇಕು. ಕ್ಲಾಸ್ ಎಂಬುದು ಆಯಸ್ಸು: ಎ 30,000 ಗಂಟೆ, ಬಿ 10,000, ಸಿ 3,000, ಡಿ 1,000. ಇನ್ನು 25/85/21 ಎಂದು ಭಿನ್ನರಾಶಿಯಂತೆ ಬರೆದಿರುವುದನ್ನು ಯಾರೂ ಓದುವುದೇ ಇಲ್ಲ. ಸೊನ್ನೆಗಿಂತ 25 ಡಿಗ್ರಿ ಕೆಳಗಿನಿಂದ 85 ಡಿಗ್ರಿ ಶಾಖದವರೆಗೆ ಬಾಳುತ್ತದೆ, 21 ದಿನ ತೇವದಲ್ಲಿಟ್ಟು ಪರೀಕ್ಷೆ ಮಾಡಿದೆ ಎಂದು ಅರ್ಥ. ಸೊನ್ನೆಗಿಂತ ಕೆಳಗಿನ ಚಳಿ ನಮಗೆ ಬೇಡ, ಆದರೆ ಕಬಿನಿ ಹಿನ್ನೀರಿನ ಪಕ್ಕದ ಹೊಲದಲ್ಲಿ ಮಳೆಗಾಲ ಕಳೆಯುವ ಪೆಟ್ಟಿಗೆಗೆ ಆ 21 ಬಹಳ ಮುಖ್ಯ.

ತ್ರೀ ಫೇಸ್ ಪಂಪ್‌ಸೆಟ್ಟಿಗೆ ಹಾಕುವ ಕೆಪಾಸಿಟರಿನ ಮೇಲೆ ಮೈಕ್ರೋಫ್ಯಾರಡ್ ಬದಲು ಕೆ.ವಿ.ಎ.ಆರ್. ಎಂದು ಇರುತ್ತದೆ. 5 ಎಚ್.ಪಿ.ಗೆ ಸಾಮಾನ್ಯವಾಗಿ 2. ಅದು ಮೋಟಾರ್ ಎಬ್ಬಿಸಲು ಅಲ್ಲ, ಲೈನಿನ ಮೇಲಿನ ಹೊರೆ ಇಳಿಸಲು.

ನಮ್ಮ ಊರಿನ ಮುಂದಿನ ರಸ್ತೆ ಬಾವಲಿ, ಮಾನಂದವಾಡಿ ದಾಟಿ ಇಳಿದರೆ ಕಣ್ಣೂರು. ಅಲ್ಲಿ ಕೇರಳ ಸರ್ಕಾರದ ಕೆಲ್ಟ್ರಾನ್ ಕಾರ್ಖಾನೆ ಕೆಪಾಸಿಟರುಗಳನ್ನೇ ಮಾಡುತ್ತದೆ. ದೂರದ ವಿದೇಶದ ವಸ್ತು ಇದು ಅಂದ್ಕೋಬೇಕಾಗಿಲ್ಲ.

ಮುಟ್ಟುವ ಮುಂಚೆ

ಸ್ವಿಚ್ ಆರಿಸಿದರೂ ಕೆಪಾಸಿಟರ್ ಆರುವುದಿಲ್ಲ. ತುಂಬಿಕೊಂಡದ್ದನ್ನು ಹಾಗೇ ಹಿಡಿದಿಟ್ಟಿರುತ್ತದೆ. ಕಾಡಂಚಿನ ಹೊಲಗಳಲ್ಲಿ ಆನೆ ತಡೆಯಲು ಹಾಕುವ ಸೋಲಾರ್ ಬೇಲಿಯ ಪೆಟ್ಟಿಗೆಯೊಳಗೂ ಇದೇ ಕೆಲಸ. ಒಂದು ಕೆಪಾಸಿಟರ್ ತುಂಬಿಕೊಂಡು ಸುಮಾರು ಸೆಕೆಂಡಿಗೊಂದು ಸಲ ಟಕ್ ಎಂದು ಟ್ರಾನ್ಸ್‌ಫಾರ್ಮರ್ ಮೂಲಕ ಬೇಲಿಗೆ ಬಿಡುತ್ತದೆ. ಲೆಕ್ಕ ಬೇಕಾದವರು ಹತ್ತನೇ ತರಗತಿಯವರ ಹತ್ತಿರ ಹಾಕಿಸಿ: 40 ಮೈಕ್ರೋವನ್ನು 500 ವೋಲ್ಟಿಗೆ ತುಂಬಿದರೆ ಅದರಲ್ಲಿರುವುದು 5 ಜೂಲ್. ಆನೆ ಹಿಂದೆ ಸರಿಯಲು ಅಷ್ಟು ಸಾಕು. ಏಟು ಕಣ್ಣುಮಿಟುಕುವಷ್ಟರಲ್ಲಿ ಮುಗಿಯುವುದರಿಂದ ಅದು ಸಾಯುವುದಿಲ್ಲ. ಲೈನಿನ ಕರೆಂಟನ್ನೇ ಬೇಲಿಗೆ ಕೊಟ್ಟರೆ ಆನೆಯೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ. ಬೇಲಿಯ ಪೆಟ್ಟಿಗೆಯನ್ನು ಮಾತ್ರ ನಾವ್ಯಾರೂ ಬಿಚ್ಚಬಾರದು.

ಫ್ಯಾನು, ಮೋಟಾರಿನದ್ದನ್ನು ಬಿಚ್ಚುವ ಮುಂಚೆ ಮೇನ್ ಸ್ವಿಚ್ ಆರಿಸಿ, ಹೋಲ್ಡರಿನಲ್ಲಿ ಹಾಕಿದ 60 ಅಥವಾ 100 ವ್ಯಾಟಿನ ಹಳೇ ತಂತಿ ಬಲ್ಬಿನ ಎರಡು ವೈರನ್ನು ಕೆಪಾಸಿಟರಿನ ಎರಡು ತುದಿಗೆ ಸ್ವಲ್ಪ ಹೊತ್ತು ಹಿಡಿದರೆ ಖಾಲಿಯಾಗ್ತದೆ. ಎಲ್.ಇ.ಡಿ. ಬಲ್ಬಿನಿಂದ ಆಗುವುದಿಲ್ಲ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವುದು ಕೆಲವರ ಅಭ್ಯಾಸ, ಅದು ಬೇಡ. ಈ ಕೆಲಸ ದೊಡ್ಡವರು ಮಾಡಲಿ, ನಾವು ಪಕ್ಕದಲ್ಲಿ ನಿಂತು ಮೇಲಿನ ಬರಹ ಓದಿ ಹೇಳೋಣ.

ಪ್ರಶ್ನೆಗಳು (ಉತ್ತರ ಬಲಗಡೆ ಮಡಿಸಿದ ಚೀಟಿಯೊಳಗಿದೆ. ಮೊದಲು ಲೆಕ್ಕ ಹಾಕಿ, ಆಮೇಲೆ ಬಿಚ್ಚಿ.)

ಅ) 224ಕೆ ಎಂದರೆ ಎಷ್ಟು?
ಆ) ಹಳದಿ, ನೇರಳೆ, ಹಳದಿ, ಬಿಳಿ, ಹಳದಿ ಪಟ್ಟೆಯ ಮೀನು ಎಷ್ಟರದ್ದು?
ಇ) 4ಎನ್7 ಅನ್ನು ಮೂರಂಕಿಯಲ್ಲಿ ಬರೆಯಿರಿ.
ಈ) ಮನೆಯ ಫ್ಯಾನಿನದು 3.15 ಮೈಕ್ರೋ, 440 ವೋಲ್ಟ್. ಅಂಗಡಿಯಲ್ಲಿ ಇರುವುದು 3.15 ಮೈಕ್ರೋ 250 ವೋಲ್ಟಿನದು ಮತ್ತು 2.5 ಮೈಕ್ರೋ 440 ವೋಲ್ಟಿನದು. ಯಾವುದು ತರ್ತೀರಿ?

ಚೀಟಿ: ಅ) 2,20,000 ಪೈಕೋ, ಅಂದರೆ 0.22 ಮೈಕ್ರೋ, ಶೇಕಡ 10 ಹೆಚ್ಚುಕಡಿಮೆ. ಆ) 0.47 ಮೈಕ್ರೋ, ಶೇಕಡ 10, 400 ವೋಲ್ಟ್. ಇ) 472. ಈ) ಎರಡೂ ಬೇಡ. ಮುಂದಿನ ಅಂಗಡಿಗೆ ಹೋಗಿ.